ಕಿವಿ ಮೂಡಿದ ಗೋಡೆಗಳು

ಬೇಹುಗಾರಿಕೆ ರಾಜ್ಯಭಾರದಷ್ಟೇ ಹಳೆಯದು. ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಗುರುತಿಸಿ, 1909ರಲ್ಲಿ ಅಚ್ಚಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗೂಢಪುರುಷರಿಗೆಂದೇ ಅಧ್ಯಾಯಗಳಿವೆ. ವಿದ್ಯಾರ್ಥಿ, ತಾಪಸ, ಬೇಸಾಯಗಾರ, ವ್ಯಾಪಾರಿ ಮೊದಲಾದ ವೇಷಗಳಲ್ಲಿ ಅವರು ಸಂಚರಿಸಿ, ಮಂತ್ರಿಗಳ ನಿಷ್ಠೆಯನ್ನೂ ಪ್ರಜೆಗಳ ಮನಸ್ಸನ್ನೂ ಅರಸನಿಗೆ ತಿಳಿಸಬೇಕಾಗಿತ್ತು. ಆದರೆ ಅರಸನ ಕಿವಿ ಎಷ್ಟೇ ಚುರುಕಾಗಿದ್ದರೂ ಪ್ರತಿಯೊಂದು ಮನೆಯ ಪಿಸುಮಾತೂ ಅವನಿಗೆ ಮುಟ್ಟುವಂತಿರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ದೂರವಾಣಿ, ಧ್ವನಿಮುದ್ರಣ ಯಂತ್ರ ಮತ್ತು ಕಚೇರಿಯ ಕಡತ ಇವು ಮೂರೂ ಕೂಡಿ ಆ ಕೊರತೆಯನ್ನು ನೀಗಿಸಿದವು. ಅದರ ಫಲವನ್ನು ಹೆಚ್ಚಾಗಿ ಉಂಡ ನಾಡುಗಳಲ್ಲಿ ಪೂರ್ವ ಜರ್ಮನಿ ಒಂದು.

ಎರಡನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿ ಇಬ್ಭಾಗವಾಯಿತು. ರಷ್ಯನ್ನರ ವಶದಲ್ಲಿದ್ದ ಪೂರ್ವಭಾಗವು 1949ರ ಅಕ್ಟೋಬರ್ 7ರಂದು ಕಮ್ಯುನಿಸ್ಟ್ ಪಕ್ಷದ ಆಳ್ವಿಕೆಗೆ ಒಳಪಟ್ಟ ಪ್ರತ್ಯೇಕ ರಾಷ್ಟ್ರವಾಯಿತು. ಕೆಲವೇ ತಿಂಗಳಲ್ಲಿ, 1950ರ ಫೆಬ್ರವರಿ 8ರಂದು, ಅಲ್ಲಿ ರಾಷ್ಟ್ರರಕ್ಷಣಾ ಸಚಿವಾಲಯವೊಂದು ಹುಟ್ಟಿಕೊಂಡಿತು. ಜನರು ಅದನ್ನು ಚಿಕ್ಕದಾಗಿ 'ಸ್ಟಾಸಿ' ಎಂದು ಕರೆದರು. ರಷ್ಯದ ಕ್ರಾಂತಿಯ ಬೆನ್ನಿಗೇ 1917ರ ಡಿಸೆಂಬರಿನಲ್ಲಿ ಜೆರ್ಜಿನ್‌ಸ್ಕಿ ಎಂಬಾತ ಕಟ್ಟಿದ 'ಚೆಕಾ' ಎಂಬ ಗುಪ್ತ ಪೊಲೀಸ್ ಪಡೆಯೇ ಇದಕ್ಕೆ ಮಾದರಿ. ತಾನು ಪಕ್ಷದ ಗುರಾಣಿ ಮತ್ತು ಖಡ್ಗವೆಂದು ಸ್ಟಾಸಿ ಹೇಳಿಕೊಳ್ಳುತ್ತಿತ್ತು. ಪ್ರಜೆಗಳ ಗುರಾಣಿಯೆಂದಲ್ಲ, ಪಕ್ಷದ ಗುರಾಣಿಯೆಂದು!

1953ರ ಜೂನ್ ತಿಂಗಳಿನಲ್ಲಿ ಕಾರ್ಮಿಕರು ಆಳುವವರ ವಿರುದ್ಧ ಬೀದಿಗಿಳಿದರು. ರಷ್ಯದ ಟ್ಯಾಂಕುಗಳು ಬಂದು ಆ ದಂಗೆಯನ್ನು ಅಡಗಿಸಿದವು. ಕಾರ್ಮಿಕರ ಹೆಸರಿನಲ್ಲಿ ನಡೆಯುತ್ತಿದ್ದ ಸರ್ಕಾರಕ್ಕೆ ಕಾರ್ಮಿಕರ ಮೇಲೆಯೇ ನಂಬಿಕೆ ತಪ್ಪಿತು. ಅಂದಿನಿಂದ ಸ್ಟಾಸಿ ಬೆಳೆಯುತ್ತಲೇ ಹೋಯಿತು. 1957ರಿಂದ 1989ರವರೆಗೆ ಎರಿಕ್ ಮೀಲ್ಕೆ ಎಂಬ ಒಬ್ಬನೇ ಅದರ ಸಚಿವನಾಗಿದ್ದನು. 1989ರಲ್ಲಿ ಅದರ ಸಂಬಳದ ನೌಕರರು ಸುಮಾರು 91,000. ಗುಟ್ಟಾಗಿ ಸುದ್ದಿ ಮುಟ್ಟಿಸುತ್ತಿದ್ದ ಬಾತ್ಮೀದಾರರು ಸುಮಾರು 1,89,000. ಇಡೀ ದೇಶದ ಜನಸಂಖ್ಯೆಯಾದರೋ ಸುಮಾರು 1 ಕೋಟಿ 60 ಲಕ್ಷ. ಬೆಳ್ತಂಗಡಿಯಿಂದ ಮುಂಡಾಜೆಯ ಮಾರ್ಗವಾಗಿ ಚಾರ್ಮಾಡಿಯ ಕಡೆಗೆ ಹೋಗುವ ಬಸ್ಸಿನಲ್ಲಿ ಅರವತ್ತು ಮಂದಿ ತುಂಬಿದ್ದಾರೆಂದು ಭಾವಿಸೋಣ. ಈ ಲೆಕ್ಕದಂತೆ ಅವರಲ್ಲಿ ಒಬ್ಬನು ಉಳಿದವರ ಮಾತನ್ನು ಬರೆದು ಒಪ್ಪಿಸುವವನು. ಅವನು ಯಾರೆಂಬುದು ತಿಳಿಯದ ಕಾರಣ ಉಳಿದ ಐವತ್ತೊಂಬತ್ತು ಮಂದಿಯೂ ಬಾಯಿ ಬಿಗಿಹಿಡಿಯಬೇಕಾಗುತ್ತದೆ. ಸ್ಟಾಸಿಯ ನಿಜವಾದ ಬಲವಿದ್ದುದು ಇಲ್ಲಿ.

ಅದರ ಕೆಲಸದ ಕ್ರಮವು ವಿಚಿತ್ರವಾಗಿತ್ತು. ಅಂಚೆಯ ಲಕೋಟೆಗಳನ್ನು ಹಬೆಗೆ ಹಿಡಿದು ಬಿಚ್ಚಿ, ಓದಿ, ಮತ್ತೆ ಅಂಟಿಸಿ ಕಳುಹಿಸುತ್ತಿದ್ದರು. ಶಂಕೆಗೊಳಗಾದವರು ಕುಳಿತೆದ್ದ ಆಸನದಿಂದ ಬಟ್ಟೆಯ ತುಂಡಿಗೆ ಅವರ ಮೈವಾಸನೆಯನ್ನು ಹಿಡಿದು, ಮುಂದೆ ನಾಯಿಗಳಿಗೆ ಮೂಸಲು ಕೊಡುವುದಕ್ಕೆಂದು ಗಾಜಿನ ಭರಣಿಗಳಲ್ಲಿ ಮುಚ್ಚಿಡುತ್ತಿದ್ದರು. ಇವೆಲ್ಲ ನಗೆ ತರಿಸಬಹುದು, ಮುಂದಿನದು ತರಿಸದು. ಮೊದಮೊದಲು ವಿರೋಧಿಗಳನ್ನು ಸೆರೆಮನೆಗೆ ತಳ್ಳುವುದೇ ರೂಢಿಯಾಗಿತ್ತು. 1973ರಲ್ಲಿ ಪೂರ್ವ ಜರ್ಮನಿ ವಿಶ್ವಸಂಸ್ಥೆಯ ಸದಸ್ಯತ್ವ ಪಡೆದ ಮೇಲೆ ಲೋಕದ ಕಣ್ಣಿಗೆ ಒಳ್ಳೆಯದಾಗಿ ಕಾಣಬೇಕಾಯಿತು. 1976ರ ಆದೇಶವೊಂದು ಹೊಸ ಉಪಾಯವನ್ನು ವಿಧಿಸಿತು. ಗೆದ್ದಲು ಮರವನ್ನು ತಿನ್ನುವಂತೆ ಮನುಷ್ಯನನ್ನು ಒಳಗಿನಿಂದ ಟೊಳ್ಳು ಮಾಡುವುದು. ಸಹಿಯಿಲ್ಲದ ಪತ್ರ ಬರೆಯುವುದು, ಗೆಳೆಯರ ನಡುವೆ ಸಂಶಯ ಬಿತ್ತುವುದು, ಉದ್ಯೋಗದಲ್ಲಿ ಸೋಲು ಬರುವಂತೆ ನೋಡಿಕೊಳ್ಳುವುದು. ಹೊಡೆತದ ಗಾಯವನ್ನು ತೋರಿಸಬಹುದು. ಇದನ್ನು ಯಾರಿಗೆ ತೋರಿಸುವುದು?

ವೇರಾ ವೊಲೆನ್‌ಬರ್ಗರ್ ಎಂಬ ಮಹಿಳೆ ಶಾಂತಿಗಾಗಿ ದುಡಿಯುತ್ತಿದ್ದ ಗುಂಪೊಂದರಲ್ಲಿದ್ದರು. 1988ರ ಜನವರಿಯಲ್ಲಿ ಬರ್ಲಿನ್ನಿನ ಸರ್ಕಾರಿ ಮೆರವಣಿಗೆಯೊಂದಕ್ಕೆ ಅವರು ಫಲಕ ಹಿಡಿದು ಹೊರಟರು. ಅದರಲ್ಲಿದ್ದುದು ಆ ದೇಶದ ಸಂವಿಧಾನದ್ದೇ ಒಂದು ವಾಕ್ಯ: ಪ್ರತಿಯೊಬ್ಬ ಪ್ರಜೆಗೂ ತನ್ನ ಅಭಿಪ್ರಾಯವನ್ನು ಮುಕ್ತವಾಗಿ ಹೇಳುವ ಹಕ್ಕಿದೆ ಎಂಬುದು. ಅವರನ್ನು ದಾರಿಯಲ್ಲೇ ಬಂಧಿಸಿ ಸೆರೆಯಲ್ಲಿಟ್ಟರು. ಆಮೇಲೆ ದೇಶದಿಂದ ಹೊರಗೆ, ಇಂಗ್ಲೆಂಡಿಗೆ, ಕಳುಹಿಸಿದರು.

ಮರುವರ್ಷವೇ ಕಾಲ ತಿರುಗಿತು. 1989ರ ಅಕ್ಟೋಬರ್ 9ರಂದು ಲೈಪ್‌ಜಿಗ್ ನಗರದಲ್ಲಿ ಸುಮಾರು 70,000 ಮಂದಿ ಮೇಣದ ಬತ್ತಿ ಹಿಡಿದು ಶಾಂತರಾಗಿ ನಡೆದರು. ಇಷ್ಟೊಂದು ಜನರ ಎದುರಿಗೆ ಪೊಲೀಸರ ಕೈ ಏಳಲಿಲ್ಲ. ನವೆಂಬರ್ 9ರ ರಾತ್ರಿ, 1961ರಿಂದ ನಗರವನ್ನು ಸೀಳಿ ನಿಂತಿದ್ದ ಬರ್ಲಿನ್ ಗೋಡೆಯ ಬಾಗಿಲುಗಳು ತೆರೆದುವು. ವೇರಾ ಇಂಗ್ಲೆಂಡಿನಿಂದ ಮರಳಿದುದೂ ಅದೇ ದಿನವೇ.

ಇತ್ತ ಸ್ಟಾಸಿಯ ಕಚೇರಿಗಳಲ್ಲಿ ಕಡತಗಳನ್ನು ನಾಶಮಾಡುವ ಕೆಲಸ ಭರದಿಂದ ಸಾಗಿತ್ತು. ಕಾಗದ ಕತ್ತರಿಸುವ ಯಂತ್ರಗಳು ಸಾಲದೆ ಕೈಯಿಂದಲೇ ಹರಿದು ಚೀಲಗಳಿಗೆ ತುಂಬತೊಡಗಿದರು. ಡಿಸೆಂಬರ್ 4ರಂದು ಎರ್‌ಫುರ್ಟ್ ಎಂಬ ಪಟ್ಟಣದ ಜನ, ಕೆಲವು ಮಹಿಳೆಯರು ಮುಂದಾಗಿ, ಅಲ್ಲಿನ ಕಚೇರಿಗೆ ನುಗ್ಗಿ ಅದನ್ನು ತಡೆದರು. 1990ರ ಜನವರಿ 15ರಂದು ಬರ್ಲಿನ್ನಿನ ಕೇಂದ್ರ ಕಚೇರಿಯೂ ಜನರ ಕೈಸೇರಿತು. ಉಳಿದ ಕಡತಗಳನ್ನು ಒತ್ತಾಗಿ ಸಾಲುಗಟ್ಟಿ ನಿಲ್ಲಿಸಿದರೆ ನೂರು ಕಿಲೋಮೀಟರಿಗೂ ಮಿಗಿಲು. ಮಂಗಳೂರಿನಿಂದ ಚಾರ್ಮಾಡಿ ಘಟ್ಟವನ್ನು ಹತ್ತಿ ಇಳಿದರೂ ಮುಗಿಯದಷ್ಟು ಕಾಗದ!

ಇದನ್ನೆಲ್ಲ ಸುಟ್ಟುಬಿಡಬೇಕೆಂದು ಕೆಲವರ ವಾದ. ಓದಿದರೆ ಹಗೆ ಹೊತ್ತಿಕೊಳ್ಳುವುದೆಂಬ ಭಯ ಅವರಿಗೆ. ಆ ಭಯವನ್ನು ತಳ್ಳಿಹಾಕುವಂತಿರಲಿಲ್ಲ. ಆದರೂ 1991ರ ಕೊನೆಯಲ್ಲಿ, ಪ್ರತಿಯೊಬ್ಬನೂ ತನ್ನ ಕಡತವನ್ನು ತಾನು ಓದಬಹುದೆಂದು ಕಾನೂನಾಯಿತು. 1992ರ ಜನವರಿ 2ರಿಂದ ಬಾಗಿಲು ತೆರೆಯಿತು. ಓದಿದವರಲ್ಲಿ ವೇರಾ ಕೂಡ ಒಬ್ಬರು. ಅವರ ಕಡತದಲ್ಲಿ 'ಡೊನಾಲ್ಡ್' ಎಂಬ ಗುಪ್ತನಾಮದ ಬಾತ್ಮೀದಾರನೊಬ್ಬನ ವರದಿಗಳಿದ್ದವು. ಆ ಡೊನಾಲ್ಡ್ ಬೇರೆ ಯಾರೂ ಅಲ್ಲ, ಅವರ ಕೈಹಿಡಿದ ಪತಿ, ಅವರ ಮಕ್ಕಳ ತಂದೆ. ಅದೇ ವರ್ಷ ಅವರ ವಿವಾಹ ಮುರಿಯಿತು. ಮುಂದೆ ಆತ ಕ್ಷಮೆ ಕೇಳಿದನು, ವೇರಾ ಕ್ಷಮಿಸಿದರು.

ಹರಿದ ಕಾಗದದ ಚೀಲಗಳು ಸುಮಾರು 16,000 ಉಳಿದಿದ್ದವು. 1995ರಿಂದ ಕೆಲವು ನೌಕರರು ಅವುಗಳನ್ನು ಮೇಜಿನ ಮೇಲೆ ಸುರಿದು, ಕಾಗದದ ಬಣ್ಣ, ಹರಿದ ಅಂಚು, ಅಕ್ಷರದ ವಾಲಿಕೆ ಇವುಗಳನ್ನು ನೋಡಿ ಚೂರಿಗೆ ಚೂರು ಹೊಂದಿಸಿ ಅಂಟಿಸತೊಡಗಿದರು. ವರ್ಷಗಟ್ಟಲೆ ದುಡಿದರೂ ಕೈಯಿಂದ ಮುಗಿದುದು ಕೆಲವು ನೂರು ಚೀಲಗಳು ಮಾತ್ರ.