ಹಾಡುಗಳ ನಡುವಿನ ಮಾತು: ಆದೋನಿ ಸೀಮೆಯಲ್ಲಿ ಅಭಿಮಾನಿಯ ಧ್ವನಿಮುದ್ರಣ

ಗಡಿನಾಡಿನ ಭಜನೆಯ ಧ್ವನಿಮುದ್ರಣವೊಂದು ಸಂಶೋಧಕನ ಕೈಸೇರಿದಾಗ ಆತ ಸಾಮಾನ್ಯವಾಗಿ ಮಾಡುವ ಮೊದಲ ಕೆಲಸ ಹಾಡುಗಳನ್ನು ಬೇರ್ಪಡಿಸುವುದು. ಹಾರ್ಮೋನಿಯಂ ಶ್ರುತಿ ಹಿಡಿಯುವ ಹೊತ್ತು, ಕಾಣಿಕೆ ಕೊಟ್ಟವರ ಹೆಸರನ್ನು ಕೂಗಿ ಹೇಳುವ ಮಾತು, ಮುಂದಿನ ಹಾಡು ಯಾವುದಾಗಬೇಕೆಂಬ ಚರ್ಚೆ, ಹಿಂದೆ ಕುಳಿತವರ ನಗೆ, ಇವೆಲ್ಲ ಕತ್ತರಿಗೆ ಸಿಕ್ಕಿ ಹೋಗುತ್ತವೆ. ಉಳಿಯುವುದು ಕ್ರಮಸಂಖ್ಯೆ ಹಚ್ಚಿಸಿಕೊಂಡ ಹಾಡುಗಳು ಮಾತ್ರ. ಹಾಡುಗಳ ಪಠ್ಯವಷ್ಟೇ ಬೇಕಾದವರಿಗೆ ಈ ಕ್ರಮ ಸಾಕು. ಭಾಷಾ ಅಲ್ಪಸಂಖ್ಯಾತರ ಬದುಕನ್ನು ಅಭ್ಯಾಸ ಮಾಡುವವರಿಗೆ ಮಾತ್ರ ಕತ್ತರಿಸಿ ಎಸೆದ ಭಾಗವೇ ಹೆಚ್ಚು ಬೆಲೆಯುಳ್ಳದ್ದು. ಅದನ್ನು ಹಿಡಿದಿಟ್ಟವನು ಬಹುತೇಕ ಸಂದರ್ಭಗಳಲ್ಲಿ ವಿದ್ವಾಂಸನಲ್ಲ, ಹಾಡುವವರ ಮೇಲಿನ ಪ್ರೀತಿಯಿಂದ ಯಂತ್ರ ಹಿಡಿದು ಕುಳಿತ ಅಭಿಮಾನಿ.

ಪೆದ್ದಕಡುಬೂರು, ಕೌತಾಳಂ, ಕೋಸಿಗಿ, ಮಂತ್ರಾಲಯ ಮಂಡಲಗಳೂ ಆದೋನಿ, ಆಲೂರುಗಳ ಸುತ್ತಲಿನ ಹಳ್ಳಿಗಳೂ ಕೂಡಿದ ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗ ಈ ವಿಚಾರಕ್ಕೆ ತಕ್ಕ ನೆಲ. ಆದೋನಿ ಮತ್ತು ಆಲೂರು ತಾಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಆಂಧ್ರ ರಾಜ್ಯ ಹುಟ್ಟಿದ ಆ ದಿನ ರಾಯದುರ್ಗದ ಜೊತೆಗೆ ಅವೂ ಆಚೆಗೆ ಹೋದವು. ಬಳ್ಳಾರಿಯ ಉಳಿದ ಭಾಗದ ಬಹುಪಾಲು ಮೈಸೂರಿಗೆ ಬಂದಿತು. ಆಡಳಿತ ಬೇರೆಯಾದಷ್ಟು ಬೇಗ ಜಾತ್ರೆ, ಬೀಗತನ, ಹರಕೆಗಳು ಬೇರೆಯಾಗಲಿಲ್ಲ. ಕೌತಾಳಂ ಮಂಡಲದ ಉರುಕುಂದ ಈರಣ್ಣಸ್ವಾಮಿಯ ಸನ್ನಿಧಿಗೆ ಶ್ರಾವಣದಲ್ಲಿ ಇಂದಿಗೂ ಕರ್ನಾಟಕದ ಭಕ್ತರು ಗುಂಪುಗುಂಪಾಗಿ ಬರುತ್ತಾರೆ. ಅದೇ ಮಾಸದಲ್ಲಿ ಮಂತ್ರಾಲಯದಲ್ಲಿ ರಾಘವೇಂದ್ರಸ್ವಾಮಿಗಳ ಆರಾಧನೆ ನಡೆಯುತ್ತದೆ. ವಿಜಯದಾಸರು 1755ರಲ್ಲಿ ದೇಹ ಬಿಟ್ಟ ಚಿಪ್ಪಗಿರಿಯೂ ಈ ಸೀಮೆಯದೇ. ದಾಸರ ಪದ, ತತ್ವಪದ, ಪೋತುಲೂರಿ ವೀರಬ್ರಹ್ಮೇಂದ್ರರ ತೆಲುಗು ತತ್ವಗಳು, ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಸುತ್ತ ಹೇಳುವ ಪದಗಳು, ಇವಕ್ಕೆಲ್ಲ ಇಲ್ಲಿ ಕೇಳುಗರಿದ್ದಾರೆ. ಆ ಕೇಳುಗರು ಭಾಷೆಯ ಗೆರೆ ಎಳೆದುಕೊಂಡು ಕೂರುವವರಲ್ಲ.

ಹೊರಗಿನ ಕ್ಯಾಮೆರಾಗಳು ಈ ಭಾಗಕ್ಕೆ ಬರುವುದೇ ಇಲ್ಲವೆಂದಲ್ಲ. ದೇವರಗಟ್ಟಿನಲ್ಲಿ ವಿಜಯದಶಮಿಯ ರಾತ್ರಿ ನಡೆಯುವ ಬಡಿಗೆಗಳ ಕಾಳಗವನ್ನು ಸುದ್ದಿವಾಹಿನಿಗಳು ವರ್ಷವರ್ಷವೂ ತೋರಿಸುತ್ತವೆ, ಗಾಯಾಳುಗಳ ಲೆಕ್ಕವನ್ನೂ ಕೊಡುತ್ತವೆ. ಹಳ್ಳಿಯ ಗುಡಿಯ ಕಟ್ಟೆಯ ಮೇಲೆ ಬೆಳಗಿನ ಜಾವದವರೆಗೆ ನಡೆಯುವ ಭಜನೆಗೆ ಅಂಥ ಅದೃಷ್ಟವಿಲ್ಲ. ಅಲ್ಲಿರುವುದು ಮೇಳದವನೊಬ್ಬನ ಗೆಳೆಯ, ಆತನ ಕೈಯಲ್ಲಿ ಒಂದು ಫೋನು. ಮೂವತ್ತು ವರ್ಷಗಳ ಹಿಂದಾದರೆ ಒಂದು ಟೇಪ್ ರೆಕಾರ್ಡರು.

ಕನ್ನಡ ಜಾನಪದ ಸಂಗ್ರಹದ ಮೊದಲ ಹಿರಿಯ ಕೆಲಸ ನಡೆದದ್ದು ಯಂತ್ರವಿಲ್ಲದೆ. ಹಲಸಂಗಿಯ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಕಿವಿಯಿಂದ ಕೇಳಿ ಕೈಯಿಂದ ಬರೆದುಕೊಂಡದ್ದರ ಫಲ. ಆ ಕ್ರಮದಲ್ಲಿ ಪದ್ಯ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ಯಂತ್ರ ಬಂದ ಮೇಲೂ ಅದು ಬಹುಕಾಲ ಹೊರಗಿನಿಂದ ಬಂದುಹೋಗುವವರ ಸೊತ್ತಾಗಿತ್ತು. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರ ಸುಮಾರಿಗೆ ದಕ್ಷಿಣ ಭಾರತದಲ್ಲಿ ಧ್ವನಿಮುದ್ರಣ ಮಾಡಿದರು. ನಾಜಿರ್ ಜೈರಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ 1984ರಲ್ಲಿ ತಮಿಳುನಾಡು, ಕೇರಳ, ಕರ್ನಾಟಕಗಳಲ್ಲಿ ಅದೇ ಜಾಡು ಹಿಡಿದು ಹೋಗಿ, ಉಳಿದದ್ದೇನು ಬದಲಾದದ್ದೇನು ಎಂದು ಪರಿಶೀಲಿಸಿದರು. ಎರಡು ಭೇಟಿಗಳ ನಡುವೆ ಸುಮಾರು 46 ವರ್ಷಗಳ ಮೌನವಿದೆ. ಅಂಥ ಮೌನವನ್ನು ತುಂಬಬಲ್ಲವನು ಪ್ರತಿವರ್ಷವೂ ಅದೇ ಜಾತ್ರೆಗೆ, ಅದೇ ಮೇಳದ ಮುಂದೆ ಬಂದು ಕೂರುವ ಊರಿನವನೇ.

ಅಭಿಮಾನಿಯ ಧ್ವನಿಮುದ್ರಣಕ್ಕೆ ಜಗತ್ತಿನಲ್ಲಿ ಹಳೆಯ ಇತಿಹಾಸವಿದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದ ಗ್ರಂಥಪಾಲಕ ಲಯನೆಲ್ ಮೇಪಲ್‌ಸನ್ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲೇ ಎಡಿಸನ್ ಫೋನೊಗ್ರಾಫನ್ನು ರಂಗಮಂದಿರದೊಳಕ್ಕೆ ಒಯ್ದು, ನಡೆಯುತ್ತಿದ್ದ ಪ್ರಯೋಗಗಳ ತುಣುಕುಗಳನ್ನು ಮೇಣದ ಸಿಲಿಂಡರುಗಳಲ್ಲಿ ಹಿಡಿದ. ಇನ್ನೊಂದು ಉದಾಹರಣೆ ಎಚ್ಚರಿಕೆಯದು. ಜಾಜ್ ವಾದಕ ಚಾರ್ಲಿ ಪಾರ್ಕರನ ಕಟ್ಟಾ ಅಭಿಮಾನಿ ಡೀನ್ ಬೆನೆಡೆಟ್ಟಿ 1947 ಮತ್ತು 1948ರಲ್ಲಿ ಕ್ಲಬ್ಬುಗಳಲ್ಲಿ ಕುಳಿತು ಮುದ್ರಿಸಿದ್ದು ಹೆಚ್ಚಾಗಿ ಪಾರ್ಕರನ ಏಕವಾದನವನ್ನಷ್ಟೆ. ಉಳಿದವರ ಸರದಿ ಬಂದಾಗ ಯಂತ್ರವನ್ನು ನಿಲ್ಲಿಸಿಬಿಡುತ್ತಿದ್ದ. 1990ರಲ್ಲಿ ಆ ಸಂಗ್ರಹ ಹೊರಬಂದಾಗ ಕೇಳುಗರಿಗೆ ಸಿಕ್ಕಿದ್ದು ಸಂಭಾಷಣೆಯಲ್ಲಿ ಒಬ್ಬನೇ ಆಡಿದ ಮಾತು. ಪ್ರೀತಿಗೂ ಒಂದು ಕತ್ತರಿಯಿರುತ್ತದೆ. ಆದೋನಿ ಸೀಮೆಯ ಅಭಿಮಾನಿಯೂ ತನ್ನ ಮೆಚ್ಚಿನ ಗಾಯಕ ಹಾಡು ಮುಗಿಸಿದೊಡನೆ ಗುಂಡಿ ಒತ್ತಬಲ್ಲ. ಆದರೆ ಇಲ್ಲೊಂದು ಅನುಕೂಲವಿದೆ: ರಾತ್ರಿಯಿಡೀ ನಡೆಯುವ ಭಜನೆಯಲ್ಲಿ ಫೋನನ್ನು ಹಾರ್ಮೋನಿಯಂ ಪಕ್ಕದಲ್ಲಿಟ್ಟು ತಾನೂ ತಾಳ ಹಿಡಿದು ಕೂತವನಿಗೆ ನಿಲ್ಲಿಸುವುದು ಮರೆತುಹೋಗುತ್ತದೆ. ಈ ಮರೆವಿಗೆ ಸಂಶೋಧನೆ ಋಣಿಯಾಗಿರಬೇಕು.

ಯಂತ್ರದ ಸ್ವಭಾವ ದಾಖಲೆಯ ಸ್ವಭಾವವನ್ನು ಹೇಗೆ ನಿರ್ಧರಿಸುತ್ತದೆಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. 60 ನಿಮಿಷಗಳ ಕ್ಯಾಸೆಟ್ಟಿನ ಒಂದು ಮಗ್ಗುಲು 30 ನಿಮಿಷಕ್ಕೆ ಮುಗಿಯುತ್ತದೆ. ತಿರುವಿ ಹಾಕುವಷ್ಟರಲ್ಲಿ ಹಾಡಿನ ಕೊನೆಯ ನುಡಿ ಹೋಗಿರುತ್ತದೆ. ದಾಸರ ಪದದಲ್ಲಾಗಲಿ ತತ್ವಪದದಲ್ಲಾಗಲಿ ಕರ್ತೃವಿನ ಅಂಕಿತ ಬರುವುದು ಆ ಕೊನೆಯ ನುಡಿಯಲ್ಲೇ. ವಿಜಯವಿಠಲ ಎಂದರೆ ವಿಜಯದಾಸರು, ಜಗನ್ನಾಥವಿಠಲ ಎಂದರೆ ಜಗನ್ನಾಥದಾಸರು. ಅಂಕಿತವೆಂಬುದು ಹಾಡು ತನ್ನೊಳಗೇ ಹೊತ್ತುಕೊಂಡು ಬಂದ ವಿಳಾಸ. ಕ್ಯಾಸೆಟ್ಟು ಅದನ್ನು ಆಕಸ್ಮಿಕವಾಗಿ ಕಳೆಯುತ್ತಿತ್ತು. ಅರೆನಿಮಿಷದ ತುಣುಕು ಮಾಡಿ ಸ್ಟೇಟಸ್ಸಿಗೆ ಹಾಕುವ ಇಂದಿನ ರೂಢಿ ಅದನ್ನು ನಿಯಮಿತವಾಗಿ ಕಳೆಯುತ್ತಿದೆ. ಪಲ್ಲವಿಯಷ್ಟೇ ಹರಿದಾಡುವ ಪದ ಕ್ರಮೇಣ ಯಾರದೋ ಆಗುತ್ತದೆ.

ಹಳೆಯ ಮೊಬೈಲುಗಳ ತೊಂದರೆ ಇನ್ನೂ ಸೂಕ್ಷ್ಮವಾದದ್ದು. ಅವುಗಳಲ್ಲಿ ಬಹಳಷ್ಟು ಧ್ವನಿಯನ್ನು ದೂರವಾಣಿಯ ಮಾತಿಗೆಂದೇ ರೂಪಿಸಿದ ಎಎಮ್‌ಆರ್ ಎಂಬ ರೂಪದಲ್ಲಿ ಉಳಿಸುತ್ತಿದ್ದವು. ಸೆಕೆಂಡಿಗೆ 8000 ಮಾದರಿಗಳನ್ನು ತೆಗೆದುಕೊಳ್ಳುವ ಈ ಕ್ರಮದಲ್ಲಿ ಸುಮಾರು 3400 ಹರ್ಟ್ಸ್‌ಗಿಂತ ಮೇಲಿನ ಕಂಪನಗಳು ಉಳಿಯುವುದಿಲ್ಲ. ದಂತ್ಯ ಸಕಾರದ ಬಲವಿರುವುದು ಹೆಚ್ಚಾಗಿ ಅದಕ್ಕಿಂತ ಮೇಲೆ. ತಾಲವ್ಯ ಶಕಾರದ ಬಲ ಅದಕ್ಕಿಂತ ಕೆಳಗಿನಿಂದಲೇ ಆರಂಭವಾಗುತ್ತದೆ. ಆದ್ದರಿಂದ ಅಂಥ ಮುದ್ರಣವನ್ನು ಕೇಳಿ, ಗಾಯಕ ‘ಶಿವ’ ಎಂದನೋ ‘ಸಿವ’ ಎಂದನೋ ಎಂದು ತೀರ್ಮಾನಿಸಿ ಉಪಭಾಷೆಯ ಬಗ್ಗೆ ಪ್ರಬಂಧ ಬರೆಯುವುದು ಅಪಾಯಕಾರಿ. ಅಲ್ಲಿ ಕೇಳುತ್ತಿರುವುದು ಆದೋನಿಯ ಕನ್ನಡವಲ್ಲ, ಫೋನಿನ ಕನ್ನಡ. ತಮಟೆ, ಡೋಲುಗಳ ಸಂಗತಿಯೂ ಹೀಗೆಯೇ. ದೊಡ್ಡ ಸದ್ದಿಗೆ ಯಂತ್ರ ತಾನಾಗಿಯೇ ಮಟ್ಟವನ್ನು ತಗ್ಗಿಸುವುದರಿಂದ ಪ್ರತಿ ಪೆಟ್ಟಿನ ಬೆನ್ನಿಗೆ ಹಾಡುವವನ ದನಿ ಕುಗ್ಗಿದಂತೆ ಕೇಳುತ್ತದೆ. ಅದು ಗಾಯನಶೈಲಿಯಲ್ಲ.

ಇಷ್ಟೆಲ್ಲ ಕೊರತೆಗಳಿದ್ದರೂ ಈ ಮುದ್ರಣಗಳನ್ನು ಕಾಪಾಡಲೇಬೇಕಾದ ಕಾರಣ ಹಾಡುಗಳ ನಡುವೆ ಇದೆ. ಜನಗಣತಿಯ ಕೋಷ್ಟಕ ಒಬ್ಬ ವ್ಯಕ್ತಿಗೆ ಒಂದೇ ಮಾತೃಭಾಷೆಯ ಮನೆ ಕೊಡುತ್ತದೆ. ಶಾಲೆಗೆ ಒಂದೇ ಮಾಧ್ಯಮ, ಆಕಾಶವಾಣಿಯ ಕಾರ್ಯಕ್ರಮಕ್ಕೆ ಒಂದೇ ಶೀರ್ಷಿಕೆ. ಆದರೆ ಭಜನೆಯ ಕಟ್ಟೆಯ ಮೇಲೆ ಯಾವ ಹಾಡಿಗೆ ಯಾವ ಭಾಷೆ, ಯಾರನ್ನು ಕರೆಯುವಾಗ ಯಾವ ಭಾಷೆ, ದೇವರಿಗೆ ಯಾವುದು, ಧ್ವನಿವರ್ಧಕದವನಿಗೆ ಯಾವುದು, ತಪ್ಪಿದ ತಾಳಕ್ಕೆ ಬೈಯಲು ಯಾವುದು ಎಂಬುದೆಲ್ಲ ಯಾರೂ ಪ್ರಶ್ನಾವಳಿ ಹಿಡಿದು ಕೇಳದೆಯೇ ವ್ಯಕ್ತವಾಗುತ್ತದೆ. ತೆಲುಗಿನ ‘ಚದಿವಿಂಪು’ ಎಂಬ ಮಾತನ್ನೇ ನೋಡಬಹುದು. ಉಡುಗೊರೆಯನ್ನು ಸಭೆಯಲ್ಲಿ ಓದಿ ಹೇಳಿಸುವುದು ಅದರ ಮೂಲಾರ್ಥ. ಕನ್ನಡದ ‘ಮುಯ್ಯಿ’ಯಲ್ಲಿ ಮರಳಿಸಬೇಕಾದ ಋಣದ ಭಾವವಿದೆ. ಕಾಣಿಕೆಯ ಹೆಸರುಗಳನ್ನು ಕೂಗುವವನು ಇವೆರಡರಲ್ಲಿ ಯಾವುದನ್ನು ಬಳಸಿದ, ಸಂಖ್ಯೆಯನ್ನು ಯಾವ ಭಾಷೆಯಲ್ಲಿ ಹೇಳಿದ ಎಂಬುದು ಹತ್ತು ವರ್ಷಗಳ ಅಂತರದ ಎರಡು ಮುದ್ರಣಗಳಲ್ಲಿ ಸಿಕ್ಕರೆ, ಭಾಷಾ ಪಲ್ಲಟದ ಬಗ್ಗೆ ಅದಕ್ಕಿಂತ ನಂಬಲರ್ಹ ಸಾಕ್ಷ್ಯ ಸಿಗುವುದು ಕಷ್ಟ.

ಇಲ್ಲಿಯೇ ಕನ್ನಡದ ಸಂಸ್ಥೆಗಳಿಗೆ ಒಂದು ಮುಜುಗರದ ಪ್ರಶ್ನೆಯಿದೆ. ಗಡಿಯಾಚೆಗಿನ ಕನ್ನಡವನ್ನು ಉಳಿಸಹೊರಟ ಸಂಗ್ರಹಕ್ಕೆ ಮುದ್ರಣದ ತೆಲುಗು ಭಾಗ ಅನಗತ್ಯವೆಂದು ತೋರುವುದು ಸಹಜ. ಅದನ್ನು ತೆಗೆದರೆ ಕೈಗೆ ಸಿಗುವುದು ಅಚ್ಚುಕಟ್ಟಾದ ಕನ್ನಡ ಸಂಪುಟ. ಆದರೆ ಆ ಸಂಪುಟದ ಕನ್ನಡಿಗ ಪೆದ್ದಕಡುಬೂರಿನಲ್ಲಿ ಎಲ್ಲಿಯೂ ಇಲ್ಲ. ಅಲ್ಲಿರುವವನು ಎರಡು ಭಾಷೆಗಳ ನಡುವೆ ದಿನಕ್ಕೆ ನೂರು ಸಲ ದಾಟಾಡುವವನು. ತೆಲುಗಿನ ಒತ್ತಡ ಹೆಚ್ಚುತ್ತಿದೆಯೆಂದು ವಾದಿಸಬೇಕಾದರೂ ಆ ಒತ್ತಡ ಕೇಳಿಸುವ ಭಾಗವನ್ನು ಮೊದಲು ಉಳಿಸಿಕೊಳ್ಳಬೇಕಲ್ಲವೆ?

ಹಕ್ಕಿನ ವಿಚಾರ. ಭಾರತದ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿ ಪ್ರದರ್ಶಕರಿಗೆ ತಮ್ಮ ಪ್ರದರ್ಶನದ ಮೇಲೆ ವಿಶೇಷ ಹಕ್ಕನ್ನು ನೀಡಿತು. ಅದರ ಅವಧಿ ಈಗ 50 ವರ್ಷ. ಸ್ವಂತ ಬಳಕೆಗೆ, ಅಥವಾ ಪ್ರಾಮಾಣಿಕ ಬೋಧನೆ ಮತ್ತು ಸಂಶೋಧನೆಗೆಂದು ಮಾತ್ರ ಮಾಡಿಕೊಂಡ ಮುದ್ರಣವು ಆ ಹಕ್ಕಿನ ಉಲ್ಲಂಘನೆಯಲ್ಲವೆಂದು 39ನೆಯ ಕಲಮು ಹೇಳುತ್ತದೆ. ಹೀಗಾಗಿ ಕಟ್ಟೆಯ ಮೇಲಿನ ಅಭಿಮಾನಿ ಸುರಕ್ಷಿತ. ಅದನ್ನು ಸಾರ್ವಜನಿಕವಾಗಿ ಹರಿಯಬಿಡುವವನಿಗೆ ಮಾತ್ರ ಗಾಯಕನ ಒಪ್ಪಿಗೆ ಬೇಕು. ಕಾನೂನಿನ ಆಚೆಗೂ ಕೆಲವು ಮರ್ಯಾದೆಗಳಿವೆ. ನಸುಕಿನಲ್ಲಿ ಒಡೆದ ಕಂಠ, ಕುಡಿದವನೊಬ್ಬನ ಮಾತು, ಸಾವಿನ ಮನೆಯ ಭಜನೆ, ಹೆಂಗಸರು ತಮ್ಮತಮ್ಮೊಳಗೆ ಹೇಳಿಕೊಳ್ಳುವ ಸೋಬಾನೆಯ ಗೇಲಿ, ಇವನ್ನು ಹಿಡಿದಿಡಬಹುದು. ಯಾರು ಕೇಳಬಹುದು ಎಂಬುದನ್ನು ಮಾತ್ರ ಹಾಡಿದವರೇ ಹೇಳಬೇಕು.

ಸಂಗ್ರಹ ಕೇಂದ್ರಗಳು ಮಾಡಬೇಕಾದ ಕೆಲಸ ದುಬಾರಿಯದಲ್ಲ. ವಾಟ್ಸ್‌ಆ್ಯಪಿನಲ್ಲಿ ಬಂದ ಪ್ರತಿಯನ್ನು ಮೂಲವೆಂದು ಎಣಿಸಬಾರದು. ಅದರ ಕಡತದ ಹೆಸರಿನಲ್ಲಿರುವ ದಿನಾಂಕ ರವಾನೆಗೆ ಸಂಬಂಧಿಸಿದ್ದು, ಹಾಡಿದ ದಿನದ್ದಲ್ಲ. ಫೋನಿನಿಂದಲೇ ಅಥವಾ ಮೆಮೊರಿ ಕಾರ್ಡಿನಿಂದಲೇ ನೇರ ಪ್ರತಿ ತೆಗೆಯಬೇಕು. ಕ್ಯಾಸೆಟ್ಟನ್ನು ಡಿಜಿಟಲ್ ರೂಪಕ್ಕೆ ತರುವಾಗ 48 ಕಿಲೊಹರ್ಟ್ಸ್, 24 ಬಿಟ್ ಎಂಬ ಅಂತರರಾಷ್ಟ್ರೀಯ ಕನಿಷ್ಠ ಮಟ್ಟವನ್ನು ಪಾಲಿಸಿ, ಆರಂಭದ ಗೊರಗೊರದಿಂದ ಕೊನೆಯ ಖಾಲಿ ಟೇಪಿನವರೆಗೆ ಪೂರ್ತಿ ಇಳಿಸಿಕೊಳ್ಳಬೇಕು. ಮುದ್ರಿಸಿದವನ ಪಕ್ಕದಲ್ಲಿ ಕೂತು ಅದನ್ನು ಒಮ್ಮೆ ಕೇಳಿ, ಯಾರ ದನಿ, ಯಾವ ಹಬ್ಬ, ಫೋನು ಎಲ್ಲಿತ್ತು ಎಂದು ಬರೆದುಕೊಳ್ಳಬೇಕು. ತಾರೀಖು ನೆನಪಿದ್ದು ವರ್ಷ ಮರೆತಿದ್ದರೂ ಕೆಲವೊಮ್ಮೆ ಪಾರಾಗಬಹುದು: ಮೊಹರಂ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುವುದರಿಂದ, ಆ ರಾತ್ರಿಯ ತಾರೀಖು ಗೊತ್ತಿದ್ದರೆ ವರ್ಷವನ್ನು ಲೆಕ್ಕ ಹಾಕಿ ತೆಗೆಯಬಹುದು. ಆದರೆ ಹಿಂಬದಿಯ ದನಿಗಳು ಯಾರವೆಂದು ಯಾವ ಲೆಕ್ಕವೂ ಹೇಳಲಾರದು. ಅದನ್ನು ಬಲ್ಲವನು ಮುದ್ರಿಸಿದವನೊಬ್ಬನೇ, ಮತ್ತು ಕ್ಯಾಸೆಟ್ಟಿನ ಕಾಲದ ಅಭಿಮಾನಿಗಳಿಗೆ ಈಗ ವಯಸ್ಸಾಗಿದೆ.