ಕ್ಯಾಲಿಪರಿನ ಪಿಸ್ಟನ್ನಿಗೆ ಸ್ಪ್ರಿಂಗೇ ಇಲ್ಲ!

ಕನ್ನೊಳ್ಳಿಯ ಓದುಗರೊಬ್ಬರು ಕೇಳಿದ್ದಾರೆ: ‘ನಮ್ಮಪ್ಪಾರ ಹಳೇ ಯೆಜ್ಡಿಗೆ ಮುಂದ ಡಿಸ್ಕ್ ಬ್ರೇಕ್ ಕೂಡ್ರಿಸಬೇಕಂತೀನ್ರಿ. ಹಿಡಿದ್ರ ಗಾಡಿ ಮುಗ್ಗರಿಸಿ ಬೀಳ್ತದಂತ ಎಲ್ಲಾರೂ ಹೆದರಸ್ತಾರ. ಖರೇ ಏನ್ರಿ?’

ಮೊದಲು ಈ ಹೆದರಿಕೆ ಬಿಡಿ. ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ. ಜೋರಾಗಿ ಹಿಡಿದರೆ ಸುಮಾರು ಮುಕ್ಕಾಲು ಪಾಲು ಮುಂದಿನ ಗಾಲಿಯ ಮೇಲೆಯೇ. ಹಗುರಾದ ಹಿಂದಿನ ಗಾಲಿ ಬೇಗ ಲಾಕ್ ಆಗಿ ಜಾರುತ್ತದೆ. ಹಿಂದಿನದನ್ನಷ್ಟೇ ತುಳಿಯುವವರೇ ಹೆಚ್ಚು ಅಪಾಯದಲ್ಲಿರುವವರು. ಅದರಲ್ಲೂ ಯೆಜ್ಡಿಯದು ಟೂ ಸ್ಟ್ರೋಕ್ ಎಂಜಿನ್. ಆಕ್ಸಿಲರೇಟರ್ ಬಿಟ್ಟಾಗ ಅದು ಗಾಡಿಯನ್ನು ತಡೆಯುವುದು ತೀರಾ ಕಡಿಮೆ. ಮುಂದಿನ ಲಿವರನ್ನು ಗಕ್ಕನೆ ಹಿಂಡದೆ, ಒತ್ತಡ ಏರಿಸುತ್ತ ಹಿಡಿಯಿರಿ. ಮಳೆಗಾಲದಲ್ಲಿ ಎರೆಮಣ್ಣು ಮೆತ್ತಿದ ರಸ್ತೆಯಲ್ಲಿ ಸೋಲುವುದು ಟೈರಿನ ಹಿಡಿತ. ಅಲ್ಲಿ ಡಿಸ್ಕೂ ಒಂದೇ, ಡ್ರಮ್ಮೂ ಒಂದೇ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೂ ಯೆಜ್ಡಿಗಳು ಡ್ರಮ್ ಬ್ರೇಕಿನಲ್ಲೇ ಬಂದವು. ಡ್ರಮ್ಮನ್ನು ಹಗುರವಾಗಿ ಕಾಣಬೇಡಿ. ಅದು ತಿರುಗುತ್ತಲೇ ಒಂದು ಶೂವನ್ನು ತನ್ನತ್ತ ಎಳೆದುಕೊಂಡು ಹಿಡಿತ ಹೆಚ್ಚಿಸುತ್ತದೆ. ಆದರೆ ಕಾದಾಗ ಹಿಗ್ಗಿ ಶೂನಿಂದ ದೂರ ಸರಿಯುತ್ತದೆ. ಡಿಸ್ಕ್ ಕಾದರೆ ಪ್ಯಾಡಿನ ಕಡೆಗೇ ಹಿಗ್ಗುತ್ತದೆ, ಗಾಳಿಗೆ ಬೇಗ ಆರುತ್ತದೆ. 2018ರಲ್ಲಿ ಮರಳಿ ಬಂದ ಜಾವಾಕ್ಕೆ ಮುಂದೆ 280 ಮಿ.ಮೀ. ಡಿಸ್ಕ್.

ನನ್ನನ್ನು ಮರುಳು ಮಾಡಿರುವುದು ಮಾತ್ರ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನೊಳಗಿನ ರಬ್ಬರ್ ಉಂಗುರ. ಡ್ರಮ್ಮಿನಲ್ಲಿ ಶೂಗಳನ್ನು ಹಿಂದಕ್ಕೆಳೆಯಲು ಸ್ಪ್ರಿಂಗ್‌ಗಳಿವೆ. ಕ್ಯಾಲಿಪರಿನ ಪಿಸ್ಟನ್ನಿಗೆ ಅಂಥದ್ದಿಲ್ಲ! ಹಾಗಾದರೆ ಲಿವರ್ ಬಿಟ್ಟೊಡನೆ ಪ್ಯಾಡ್ ಸಡಿಲವಾಗುವುದು ಹೇಗೆ? ಪಿಸ್ಟನ್ನಿನ ಸುತ್ತ ಒಂದು ತೋಡಿನಲ್ಲಿ ಚೌಕ ಅಂಚಿನ ಸೀಲು ಬಿಗಿಯಾಗಿ ಕೂತಿರುತ್ತದೆ. ಬ್ರೇಕ್ ಆಯಿಲ್ ಒತ್ತಿದಾಗ ಪಿಸ್ಟನ್ ಮುಂದೆ ಸರಿಯುತ್ತದೆ. ಸೀಲು ಅದನ್ನು ಬಿಡದೆ ತಾನೂ ಓರೆಯಾಗುತ್ತದೆ. ಒತ್ತಡ ಇಳಿಯಿತೋ, ನೆಟ್ಟಗಾಗುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಪ್ಯಾಡ್ ಸವೆದರೆ? ಸೀಲು ಓರೆಯಾಗಬಲ್ಲಷ್ಟಕ್ಕಿಂತ ಮುಂದೆ ಹೋಗಬೇಕಾದಾಗ ಪಿಸ್ಟನ್ ಸೀಲಿನೊಳಗೇ ಜಾರಿ ಹೊಸ ಜಾಗ ಹಿಡಿಯುತ್ತದೆ. ಡ್ರಮ್ಮಿನ ನಟ್ಟು ಬಿಗಿಮಾಡುತ್ತಿದ್ದ ನಮ್ಮ ಕೆಲಸವನ್ನು ಈ ಉಂಗುರ ತಾನೇ ಮಾಡಿಕೊಳ್ಳುತ್ತದೆ. ಜೊತೆಗೆ ಸೋರಿಕೆಯನ್ನೂ ತಡೆಯುತ್ತದೆ.

ಹ್ಯಾಂಡಲಿಗೆ ಇಂಡಿ ಊರಿನ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ ದೃಷ್ಟಿ ತೆಗೆಯುವವರೇ ಬ್ರೇಕ್ ಆಯಿಲ್ ಕಡಿಮೆಯಾದರೆ ಎಂಜಿನ್ ಆಯಿಲ್ ಸುರಿಯುವುದನ್ನು ಕಂಡರೆ ಸಿಟ್ಟು ಬರುತ್ತದೆ. ಸೀಲು ಉಬ್ಬಿ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ಯಾವ ನಿಂಬೆಹಣ್ಣೂ ಅದನ್ನು ಬಿಡಿಸಲಾರದು. ಡಬ್ಬಿಯ ಮೇಲೆ ಡಾಟ್ 4 ಎಂದಿರುವ ಆಯಿಲ್ ಹೊಸದಿದ್ದಾಗ 230 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಬಾರದು. ಗಾಳಿಯ ತೇವ ಹೀರಿದ ಮೇಲೆ 155ರ ಆಸುಪಾಸಿನಲ್ಲೇ ಕುದಿಯಬಹುದು. ಆಗ ಲಿವರ್ ಹಿಡಿದಷ್ಟೂ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಿ.

ಇನ್ನು ನಿಮ್ಮ ಗಾಡಿ. ಹಳೆಯ ಫೋರ್ಕಿಗೆ ಪಟ್ಟಿ ವೆಲ್ಡ್ ಮಾಡಿಸಿ ಕ್ಯಾಲಿಪರ್ ಕೂಡ್ರಿಸಬೇಡಿ. ಬ್ರೇಕಿನ ಸೆಳೆತವೆಲ್ಲ ಆ ಬೆಸುಗೆಯ ಮೇಲೆ ಬೀಳುತ್ತದೆ. ಡಿಸ್ಕಿಗೆಂದೇ ಮಾಡಿದ ಫೋರ್ಕನ್ನೇ ಹಾಕಿಸಿ. ಕ್ಯಾಲಿಪರ್ ಮತ್ತು ಲಿವರ್ ಹಿಡಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಒಂದೇ ಗಾಡಿಯ ಜೋಡಿಯಾಗಿರಲಿ. ಸಿಲಿಂಡರ್ ದೊಡ್ಡದಾದರೆ ಲಿವರ್ ಗಡುಸಾಗಿ ಹಿಡಿತ ಇಳಿಯುತ್ತದೆ. ಕೆಲಸಕ್ಕೆ ಮುಂಚೆ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಬಿಚ್ಚಿದ ಡ್ರಮ್ ಗಾಲಿಯನ್ನು ಗುಜರಿಗೆ ಹಾಕದೆ ಎತ್ತಿಡಿ. ಮೈಸೂರಿನ ಆ ಗಾಲಿಗಳು ಇನ್ನು ತಯಾರಾಗುವುದಿಲ್ಲ.