ನಾಗರಖಂಡವನ್ನಾಳಿದ ಜಕ್ಕಿಯಬ್ಬೆ

ಸೊರಬದ ಜಡೆ, ಆನವಟ್ಟಿ, ಕುಬಟೂರುಗಳಿಂದ ಶಿಕಾರಿಪುರದ ಬಂದಳಿಕೆಯವರೆಗೆ ಹಬ್ಬಿರುವ ಕೆರೆಕಾಡುಗಳ ಸೀಮೆಯು ಪೂರ್ವಕಾಲದಲ್ಲಿ ಬನವಾಸಿ ಹನ್ನೆರಡು ಸಾಸಿರಕ್ಕೆ ಸೇರಿದ್ದಿತು. ಆ ಮಹಾನಾಡಿನೊಳಗಣ ಕಿರುನಾಡುಗಳಲ್ಲಿ ಜಿಡ್ಡುಳಿಗೆ ಎಪ್ಪತ್ತು, ನಾಗರಖಂಡ ಎಪ್ಪತ್ತು ಎಂಬೆರಡು ಶಾಸನಗಳಲ್ಲಿ ಮೇಲಿಂದ ಮೇಲೆ ಕಾಣಬರುತ್ತವೆ. ಇವುಗಳಲ್ಲಿ ನಾಗರಖಂಡವನ್ನು ಹತ್ತನೆಯ ಶತಮಾನದ ಆದಿಯಲ್ಲಿ ಜಕ್ಕಿಯಬ್ಬೆಯೆಂಬ ಸ್ತ್ರೀಯು ಆಳಿದಳೆಂಬುದಕ್ಕೆ ಬಂದಳಿಕೆಯ ಶಿಲಾಶಾಸನವೇ ಪ್ರಮಾಣ. ರೈಸ್ ಅವರು ಇದನ್ನು 1902ರಲ್ಲಿ ‘ಎಪಿಗ್ರಾಫಿಯ ಕರ್ಣಾಟಕ’ದ 7ನೆಯ ಸಂಪುಟದಲ್ಲಿ ಪ್ರಕಟಿಸಿದರು.

ರಾಷ್ಟ್ರಕೂಟ ಚಕ್ರವರ್ತಿ ಕನ್ನರದೇವನ, ಅಂದರೆ ಎರಡನೆಯ ಕೃಷ್ಣನ, ಕಾಲದಲ್ಲಿ ಮಹಾಸಾಮಂತ ಕಲಿವಿಟ್ಟರಸನು ಬನವಾಸಿಯನ್ನಾಳುತ್ತಿದ್ದನು. ಕ್ರಿ. ಶ. 911ರ ಸುಮಾರಿನಲ್ಲಿ ನಾಗರಖಂಡದ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ಮೃತನಾಗಲು, ಅರಸನು ಆ ಪದವಿಯನ್ನು ಅವನ ಪತ್ನಿಯಾದ ಜಕ್ಕಿಯಬ್ಬೆಗೆ ಕೊಟ್ಟನು.

ಇದು ವಿಧವೆಯ ಜೀವನಾಂಶಕ್ಕಾಗಿ ಕಲ್ಪಿಸಿದ ನಾಮಮಾತ್ರದ ಪದವಿಯೇ ಎಂಬ ಶಂಕೆ ಹುಟ್ಟಬಹುದು. ಶಾಸನದ ಮಾತುಗಳು ಅದಕ್ಕೆ ಎಡೆಗೊಡುವುದಿಲ್ಲ. ಕವಿಯು ಆಕೆಯಲ್ಲಿ ಉತ್ತಮವಾದ ಪ್ರಭುಶಕ್ತಿಯಿದ್ದಿತೆಂದು ಹೇಳುತ್ತಾನೆ. ಪ್ರಭುಶಕ್ತಿಯೆಂಬುದು ಬರಿಯ ಹೊಗಳಿಕೆಯ ಮಾತಲ್ಲ, ನೀತಿಶಾಸ್ತ್ರದ ಪಾರಿಭಾಷಿಕ ಶಬ್ದ. ಮಂತ್ರ, ಪ್ರಭು, ಉತ್ಸಾಹಗಳೆಂಬ ಶಕ್ತಿತ್ರಯದಲ್ಲಿ ಕೋಶದಂಡಗಳ ಬಲವೇ ಪ್ರಭುಶಕ್ತಿಯೆಂದು ಕೌಟಿಲ್ಯನು ವಿವರಿಸಿದ್ದಾನೆ. ಬೊಕ್ಕಸವೂ ಆಯುಧವೂ ಕೈಯಲ್ಲಿಲ್ಲದವರಿಗೆ ಈ ವಿಶೇಷಣವು ಸಲ್ಲದು. ನಾಳ್ಗಾವುಂಡನೆಂದರೆ ನಾಡಿನ ಗೌಡ. ತೆರಿಗೆಯನ್ನೆತ್ತುವುದೂ ನಾಡನ್ನು ಕಾಯುವುದೂ ಅವನ ಹೊಣೆ. ತುರುಗೊಳ್ ಕಾಳಗಗಳ ವೀರಗಲ್ಲುಗಳಿಂದ ತುಂಬಿದ ಈ ಸೀಮೆಯಲ್ಲಿ ಆ ಹೊಣೆಯು ಹಗುರಾದುದಾಗಿರಲಿಲ್ಲ. ಹೆಣ್ಣಾಗಿಯೂ ತನ್ನ ಪರಾಕ್ರಮದ ಹೆಮ್ಮೆಯಿಂದ ನಾಡನ್ನು ಕಾಪಾಡಿದಳೆಂದು ಕವಿಯು ಬರೆದಿದ್ದಾನೆ. ಆ ‘ಹೆಣ್ಣಾಗಿಯೂ’ ಎಂಬುದರಲ್ಲಿ ಕವಿಯ ವಿಸ್ಮಯವು ತೋರುತ್ತದೆಯೇ ಹೊರತು ಪದವಿಯ ನ್ಯೂನತೆಯಲ್ಲ.

ಕೃಷ್ಣನ ಆಳ್ವಿಕೆಯು 914ರಲ್ಲಿ ಮುಗಿದು ಮುಮ್ಮಡಿ ಇಂದ್ರನು ಪಟ್ಟವೇರಿದನು. ಜಕ್ಕಿಯಬ್ಬೆಯ ಅಂತ್ಯವಾದರೋ ಶಕ 840 ಬಹುಧಾನ್ಯ ಸಂವತ್ಸರದಲ್ಲಿ, ಅಂದರೆ 918ರಲ್ಲಿ. ರೋಗಪೀಡಿತೆಯಾದ ಆಕೆ ಸಂಸಾರವು ನಿಸ್ಸಾರವೆಂದು ತಿಳಿದು, ಮಗಳನ್ನು ಕರೆಯಿಸಿ ತನ್ನ ಸ್ವತ್ತನ್ನೊಪ್ಪಿಸಿ, ಬಂದನಿಕೆಯ ತೀರ್ಥಕ್ಕೆ ಬಂದು, ಬಸದಿಯಲ್ಲಿ ಸಲ್ಲೇಖನವ್ರತವನ್ನು ಕೈಕೊಂಡು ಮುಡಿಪಿದಳು. ಜಿನಶಾಸನದಲ್ಲಿ ಆಕೆಗಿದ್ದ ಭಕ್ತಿಯನ್ನು ಶಾಸನವು ಪ್ರಭುಶಕ್ತಿಯ ಜೊತೆಯಲ್ಲಿಯೇ ಎಣಿಸಿದೆ.

ಕಾಕತಾಳೀಯವೆನ್ನಬಹುದಾದ ಒಂದು ಸಂಗತಿಯನ್ನು ಇಲ್ಲಿ ಸ್ಮರಿಸಬಹುದು. ಇದೇ 911ರಲ್ಲಿ ಇಂಗ್ಲೆಂಡಿನ ಮರ್ಸಿಯಾ ನಾಡಿನಲ್ಲಿ ಏಥೆಲ್‌ರೆಡ್ ಎಂಬ ಅಧಿಪತಿಯು ತೀರಿಕೊಳ್ಳಲು ಅವನ ಪತ್ನಿ ಏಥೆಲ್‌ಫ್ಲೆಡ್ ನಾಡನ್ನಾಳತೊಡಗಿ, ಕೋಟೆಗಳನ್ನು ಕಟ್ಟಿಸಿ, ಡೇನರೊಡನೆ ಕಾದಾಡಿ, 918ರಲ್ಲಿಯೇ ಮಡಿದಳು. ಅಲ್ಲಿಯೂ ಅಧಿಕಾರವು ಮಗಳಿಗೆ ಬಂದಿತು. ಆದರೆ ಕೆಲವೇ ತಿಂಗಳುಗಳಲ್ಲಿ ಸೋದರಮಾವನಾದ ಎಡ್ವರ್ಡ್ ದೊರೆಯು ಅದನ್ನು ಕಿತ್ತುಕೊಂಡನು.